ತೊಳೆಯಬಾರದ ಪೆಟ್ಟಿಗೆ

ಪೆಟ್ಟಿಗೆಯಕ್ಕನಿಗೆ ತೋಟದ ಆಫೀಸಿನಿಂದ ನಾಲ್ಕು ದಿನದ ಕೂಲಿ ಇನ್ನೂ ಬರಬೇಕು. ಆ ನಾಲ್ಕು ದಿನವೂ ಅವಳು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಂದಿದ್ದಳು, ಸಂಜೆಯ ಗಂಟೆ ಹೊಡೆಯುವ ತನಕ ಶೆಡ್ಡಿನ ಬಾಗಿಲಲ್ಲೇ ಕೂತಿದ್ದಳು. ಕೊಟ್ಟ ಕೆಲಸ ಮಾಡಲಿಲ್ಲ, ಅಷ್ಟೆ. ಪೆಟ್ಟಿಗೆ ತೊಳೆ ಅಂದರು. ತೊಳೆಯುವುದಿಲ್ಲ ಅಂದಳು.

ಅವಳಿಗೆ ಐವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಕೋಕೋ ಬೀಜದ ಪೆಟ್ಟಿಗೆಗಳ ಜೊತೆ ಕಳೆದಿದೆ. ಬಲಗೈ ನೋಡಿದರೆ ಸಾಕು, ಮೊಣಕೈ ತನಕ ಒಂದು ಬಣ್ಣ, ಅಲ್ಲಿಂದ ಮೇಲೆ ಇನ್ನೊಂದು. ಕೂದಲೆಲ್ಲ ಉದುರಿ, ಚರ್ಮ ಹದ ಹಾಕಿದ ತೊಗಲಿನಂತಾಗಿದೆ. ಗಂಡ ಬದುಕಿದ್ದಾಗ, ಎರಡು ಕೈ ಇಬ್ಬರು ಹೆಂಗಸರದು ಅಂತ ತಮಾಷೆ ಮಾಡುತ್ತಿದ್ದನಂತೆ. ಹೌದು, ಒಬ್ಬಳು ದುಡಿಯುವವಳು, ಇನ್ನೊಬ್ಬಳು ನಿನ್ನನ್ನು ಕಟ್ಟಿಕೊಂಡವಳು ಅಂತ ಇವಳು ತಿರುಗಿಸಿ ಕೊಡುತ್ತಿದ್ದಳಂತೆ.

ಕೋಕೋ ಕಾಯಿ ಒಡೆದರೆ ಒಳಗೆ ಬಿಳಿ ಲೋಳೆ ಮೆತ್ತಿದ ಬೀಜ. ಲೋಳೆ ಸಿಹಿ, ಚೀಪಬಹುದು. ಬೀಜ ಕಚ್ಚಿದಿರೋ, ಕಹಿ ಮತ್ತು ಒಗರು ಸೇರಿ ನಾಲಿಗೆ ಮಡಚಿಕೊಳ್ಳುತ್ತದೆ. ಆ ದರಿದ್ರ ಬೀಜ ಚಾಕಲೇಟಿನ ದಾರಿ ಹಿಡಿಯುವುದು ಮರದ ಪೆಟ್ಟಿಗೆಯಲ್ಲಿ. ಇಪ್ಪತ್ತು ಬುಟ್ಟಿ ಬೀಜ ಸುರಿದು, ಮೇಲೆ ಬಾಳೆಲೆ ಹೊದಿಸಿ, ಗೋಣಿತಾಟು ಮುಚ್ಚುತ್ತಾರೆ. ಬೆಂಕಿಯಿಲ್ಲ, ಕರೆಂಟಿಲ್ಲ. ಆದರೂ ಮೂರನೆಯ ದಿನ ಅದರೊಳಗೆ ಕೈ ತೂರಿಸಿದರೆ ಚುರುಕ್ಕೆನ್ನುತ್ತದೆ. ಮೊದಲು ಹಣ್ಣಿನ ವಾಸನೆ, ಆಮೇಲೆ ಹೆಂಡದ್ದು, ಆಮೇಲೆ ಮೂಗಿನ ಹೊಳ್ಳೆ ಕಿತ್ತುಬರುವಂಥ ಹುಳಿ. ನಡುವೆ ಎರಡು ಸಲ ಮರದ ಸಲಿಕೆಯಿಂದ ಎಲ್ಲವನ್ನೂ ಪಕ್ಕದ ಪೆಟ್ಟಿಗೆಗೆ ಮಗುಚಬೇಕು. ಯಾವಾಗ ಅನ್ನುವುದನ್ನು ಅವಳ ಮೊಣಕೈ ಹೇಳುತ್ತದೆ. ಬೇಗ ಮಗುಚಿದರೆ ಕಾವು ಆರುತ್ತದೆ, ತಡವಾದರೆ ಹುಳಿ ಬೀಜದೊಳಗೆ ಹೊಕ್ಕು ಕೂರುತ್ತದೆ.

ಹೊಸ ಮ್ಯಾನೇಜರ್ ಬಂದ ಮೇಲೆ ತೋಟಕ್ಕೆ ಟಿಕೆಟ್ ಇಟ್ಟ. ಊರೂರಿಂದ ಜನ ಬಂದು ಮರ ನೋಡಬೇಕು, ಕಾಯಿ ಒಡೆಯಬೇಕು, ಕೊನೆಗೆ ಗಾಜಿನ ಕೋಣೆಯಲ್ಲಿ ಕೂತು ಚಾಕಲೇಟಿನ ರುಚಿ ನೋಡಬೇಕು. ಮನುಷ್ಯ ಕೆಟ್ಟವನೇನಲ್ಲ, ಆದರೆ ಶುಚಿಯ ಹುಚ್ಚು. ದಾರಿಗೆ ಕಲ್ಲು ಹಾಸಿಸಿದ, ಶೆಡ್ಡಿಗೆ ಸುಣ್ಣ ಹೊಡೆಸಿದ, ಕಿಟಕಿಗಳಿಗೆ ನೊಣದ ಬಲೆ ಬಿಗಿಸಿದ. ಕೊನೆಗೆ ಅವನ ಕಣ್ಣು ಪೆಟ್ಟಿಗೆಗಳ ಮೇಲೆ ಬಿತ್ತು. ಏಳು ಪೆಟ್ಟಿಗೆ, ಮೂವತ್ತು ವರ್ಷದ ರಸ ಕುಡಿದು ಕಪ್ಪಗೆ ಅಂಟಂಟಾಗಿ ನಿಂತಿದ್ದವು. ಸೋಪು, ಬ್ಲೀಚಿಂಗ್ ಪೌಡರ್, ತಂತಿಯ ಬ್ರಶ್ ತರಿಸಿದ.

"ಸಾರ್, ಹೆಪ್ಪಿನ ಗಡಿಗೆ ಉಜ್ಜಿ ಉಜ್ಜಿ ತೊಳೆದು ಮೊಸರು ಬಾ ಅಂತ ಕರೆದ್ರೆ ಬರುತ್ತಾ?" ಅಂತ ಅವಳು ಕೇಳಿದಳು.

ನೋಡಲು ಬರುವವರು ಇದನ್ನು ಕಂಡರೆ ಚಾಕಲೇಟು ಮುಟ್ಟುತ್ತಾರಾ ಅಂತ ಅವನು ಕೇಳಿದ. ಅದೂ ಸುಳ್ಳಲ್ಲ. ಅವಳು ಹೋಗಿ ಬಾಗಿಲಲ್ಲಿ ಕೂತಳು. ಬೇರೆಯವರು ನಾಲ್ಕು ದಿನ ಉಜ್ಜಿದರು. ಉಜ್ಜಲು ಶುರುಮಾಡುತ್ತಲೇ ಸೀಳಿತೆಂದು ಬಿಸಾಕಿದ, ಕಪ್ಪು ರಸ ಇನ್ನೂ ಅಂಟಿದ್ದ ಒಂದು ಹಲಗೆಯನ್ನು ಮಾತ್ರ ಅವಳು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋದಳು. ಸೌದೆಗಾ ಅಂತ ಗೇಟಿನವನು ಕೇಳಿದಾಗ ಹೂಂ ಅಂದಳು.

ತೊಳೆದ ಪೆಟ್ಟಿಗೆಗಳು ಹೊಸ ಮದುಮಕ್ಕಳ ಹಾಗೆ ಹೊಳೆದವು. ಬೀಜ ತುಂಬಿದರು. ಎರಡನೆಯ ದಿನ ಅವಳು ಕೈ ತೂರಿಸಿದಳು, ತಣ್ಣಗಿತ್ತು. ಮೂರನೆಯ ದಿನವೂ ಹೆಣದ ಹೊಟ್ಟೆ ಮುಟ್ಟಿದ ಹಾಗೆ. ನಾಲ್ಕನೆಯ ದಿನ ಗೋಣಿ ಎತ್ತಿದರೆ ಬಿಳಿ ಬೂಜು, ಸತ್ತ ಇಲಿಯ ವಾಸನೆ. ಇಪ್ಪತ್ತು ಬುಟ್ಟಿ ಗೊಬ್ಬರದ ಗುಂಡಿಗೆ ಹೋಯಿತು.

ಮ್ಯಾನೇಜರ್ ತಪ್ಪು ಹೊರಿಸಿದ್ದು ಸೋಪಿನ ಮೇಲಲ್ಲ, ಮರದ ಮೇಲೆ. ಸ್ಟೀಲಿನ ತೊಟ್ಟಿಗಳ ಚಿತ್ರವಿದ್ದ ಪುಸ್ತಕ ತೆರೆದು ತೋರಿಸಿದ. ಭಾನುವಾರ ಮೊದಲ ಟೂರು, ಇನ್ನು ಆರು ದಿನ ಇದೆ. ಈ ಸಲವೂ ಕಾವು ಬರದಿದ್ದರೆ ಪೆಟ್ಟಿಗೆಗಳೆಲ್ಲ ಬೀಜ ಒಣಗಿಸುವ ಒಲೆಗೆ, ಅವಳು ಹುಲ್ಲು ಕೊಯ್ಯುವ ಗುಂಪಿಗೆ. ಅಷ್ಟು ಹೇಳಿ ಪುಸ್ತಕ ಮುಚ್ಚಿದ.

ಹುಲ್ಲು ಕೊಯ್ಯುವುದೇನು ಅವಮಾನವಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ಕಲಿತದ್ದನ್ನೆಲ್ಲ ಒಲೆಗೆ ಹಾಕಿ ಮೈ ಕಾಯಿಸಿಕೋ ಅಂದರೆ ಯಾರ ಕರುಳು ಕೇಳುತ್ತದೆ? ಅವಳು ಅವತ್ತು ನೆಟ್ಟಗೆ ನಾದಿನಿಯ ಮನೆಗೆ ನಡೆದಳು. ನಾದಿನಿಗೆ ಹಿತ್ತಲಲ್ಲಿ ಒಂಬತ್ತು ಕೋಕೋ ಮರ. ಬೀಜವನ್ನು ಬುಟ್ಟಿಯಲ್ಲಿ ಎಲೆ ಮುಚ್ಚಿ ಹುಳಿ ಬರಿಸಿ, ಒಣಗಿಸಿ ವ್ಯಾಪಾರಿಗೆ ಮಾರುತ್ತಾಳೆ. ಅವತ್ತು ಬುಟ್ಟಿ ಹೊಗೆಯಾಡುತ್ತಿತ್ತು.

"ಅಷ್ಟು ದೊಡ್ಡ ತೋಟಕ್ಕೆ ನನ್ನ ಹರಕಲು ಬುಟ್ಟೀನೇ ಗತಿಯಾಯ್ತೇನು ಅತ್ತಿಗೆ?"

"ಅವರ ಹತ್ರ ಇದ್ದಿದ್ದನ್ನ ಅವರೇ ತೊಳ್ಕೊಂಡ್ರು. ಕೊಡ್ತೀಯೋ, ಭಾಷಣ ಮಾಡ್ತೀಯೋ?"

ಕೊಟ್ಟಳು. ಬರೀ ಬೀಜವಲ್ಲ, ತಲೆಯ ಮೇಲೆ ಹೊತ್ತು ಗೇಟಿನ ತನಕ ಜೊತೆಗೆ ಬಂದಳು. ದಾರಿಯುದ್ದಕ್ಕೂ ತೋಟದವರ ಬುದ್ಧಿಗೆ ಸಹಸ್ರನಾಮ ಹಾಡಿದಳು.

ಪೆಟ್ಟಿಗೆಯಕ್ಕ ಸೀಳಿದ ಹಲಗೆಯನ್ನು ಪೆಟ್ಟಿಗೆಯ ನಡುವೆ ನಿಲ್ಲಿಸಿದಳು. ಸುತ್ತ ಹೊಸ ಬೀಜ ಸುರಿದು, ನಾದಿನಿಯ ಬಿಸಿ ಬೀಜವನ್ನು ಕೈಯಾರೆ ಕಲಸಿದಳು. ಆಮೇಲೆ ಕಿಟಕಿಯ ಬಲೆಗಳನ್ನು ಬಿಚ್ಚಿ ಮಡಚಿಟ್ಟಳು. ಮ್ಯಾನೇಜರ್ ಕೂಗಾಡಿದ. ಸ್ಟೀಲು ಬಂದ ಮೇಲೆ ಬಲೆ ಹಾಕಿಕೊಳ್ಳಿ, ಭಾನುವಾರದ ತನಕ ನೊಣ ನನ್ನ ನೆಂಟರು, ಕಾಲಲ್ಲಿ ಹೆಪ್ಪು ಹೊತ್ತು ತರುವುದು ಅವೇ ಅಂದಳು. ಮಾರನೆಯ ದಿನ ಮಧ್ಯಾಹ್ನ ಸಾಸಿವೆಯಷ್ಟು ಗಾತ್ರದ ಒಂದು ನೊಣ ಬಂದು ಬಾಳೆಲೆಯ ಅಂಚಿಗೆ ಕೂತಿತು. ಆಮೇಲೆ ಹತ್ತು, ಆಮೇಲೆ ಮೋಡ. ತೊಟ್ಟಿಲ ಮೇಲೆ ಬಗ್ಗಿದ ಹಾಗೆ ಪೆಟ್ಟಿಗೆಯ ಮೇಲೆ ಬಗ್ಗಿ ಅವಳು ವಾಸನೆ ಹಿಡಿದಳು. ಹೆಂಡ. ಮೂರನೆಯ ದಿನ ಕೈ ತೂರಿಸಿದವಳು ಸುಟ್ಟುಕೊಂಡವಳಂತೆ ಹೊರಗೆಳೆದಳು. ಅವಳು ನಕ್ಕದ್ದನ್ನು ನೋಡಿದವರಿದ್ದಾರೆ.

ಭಾನುವಾರ ಇಪ್ಪತ್ತೆರಡು ಜನ ಬಂದರು. ಟೋಪಿ, ಕ್ಯಾಮೆರಾ, ನೀರಿನ ಬಾಟಲಿ. ಮರದ ಕಾಂಡಕ್ಕೇ ಅಂಟಿ ಜೋತಾಡುವ ಹಳದಿ ಕೆಂಪು ಕಾಯಿಗಳನ್ನು ಕಂಡು ಎಲ್ಲರೂ ಒಟ್ಟಿಗೇ ಮಾತಾಡಿದರು. ಶೆಡ್ಡಿಗೆ ಬಂದಾಗ ಹಲವರು ಮೂಗಿಗೆ ಕರ್ಚೀಫು ಒತ್ತಿಕೊಂಡರು. ಮ್ಯಾನೇಜರ್ ಮುಖ ಬಾಡಿತು. ಅವಳು ಗೋಣಿ ಸರಿಸಿ ಎಲೆಗಳನ್ನು ಒಂದೊಂದಾಗಿ ತೆಗೆದಳು.

ಆವಿ ಎದ್ದಿತು. ಸುಣ್ಣದ ಗೋಡೆಯ ಎತ್ತರಕ್ಕೆ, ಹಂಚಿನ ಸಂದಿನಿಂದ ಬಿದ್ದ ಬಿಸಿಲಕೋಲುಗಳೊಳಗೆ ಸುತ್ತುತ್ತ ಏರಿತು. ಬಿಳಿಯಾಗಿ ಒಳಗೆ ಹೋದ ಬೀಜ ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಮಂಡಿ ಊದಿಕೊಂಡ ಒಬ್ಬ ನಿವೃತ್ತ ನರ್ಸಮ್ಮ ಕೈ ಒಳಗಿಟ್ಟರು. ಜ್ವರದ ಮೈ ಎಷ್ಟೋ ಮುಟ್ಟಿದ ಕೈ ಅದು.

"ಇದು ಜೀವ ಇರೋದು" ಅಂದರು ಮೆಲ್ಲಗೆ. ಆಮೇಲೆ ಕರ್ಚೀಫುಗಳು ಒಂದೊಂದಾಗಿ ಜೇಬು ಸೇರಿದವು. ಯಾರೂ ಫೋಟೋ ತೆಗೆಯಲಿಲ್ಲ. ಎಲ್ಲರೂ ಸರದಿಯಲ್ಲಿ ನಿಂತು, ಆ ಕಾವಿಗೆ ಕೈ ಕೊಟ್ಟು, ಪಕ್ಕಕ್ಕೆ ಸರಿದರು.

ರುಚಿಯ ಕೋಣೆಗೆ ಪೆಟ್ಟಿಗೆಯಕ್ಕನನ್ನು ಕರೆದದ್ದು ಆಫೀಸಲ್ಲ, ಆ ನರ್ಸಮ್ಮ. ಕಾಲು ತೊಳೆದು ಬಂದು ಕುರ್ಚಿಯ ತುದಿಗೆ ಕೂತಳು. ಪೇಟೆಯಲ್ಲಿ ಈ ತೋಟದ ಬೀಜ ಕೊಂಡು ಚಾಕಲೇಟು ಮಾಡುವವನು, ಎಲ್ಲರೂ ಚಾಕಲೇಟ್ ಮೇಷ್ಟ್ರು ಅನ್ನುವವನು, ತಟ್ಟೆಯಲ್ಲಿ ಮೂರು ತುಂಡು ಹಂಚಿದ. ಕಚ್ಚಬೇಡಿ, ಕರಗಲು ಬಿಡಿ ಅಂದ. ಮೊದಲನೆಯದರಲ್ಲಿ ಜೇನು ಹುಡುಕಿಸಿದ, ಎರಡನೆಯದರಲ್ಲಿ ಒಣದ್ರಾಕ್ಷಿ. ಮೂರನೆಯದು ಅಪರೂಪದ್ದು, ನಾಲಿಗೆಯ ಅಂಚಿಗೆ ಬರುವ ಚೂಪು ಹುಳಿ ಈ ಮಣ್ಣಿನ ಗುಣ ಅಂತ ವಿವರಿಸಿದ.

ಪೆಟ್ಟಿಗೆಯಕ್ಕ ಮೂರನೆಯದನ್ನು ನಾಲಿಗೆಯಲ್ಲಿ ಹೊರಳಿಸಿದಳು. ಕಣ್ಣು ಮುಚ್ಚಿದಳು.

"ಮಣ್ಣಲ್ಲ ಸಾರ್. ಎರಡನೇ ಸಲ ಮಗುಚಿದ್ದು ಅರ್ಧ ದಿನ ತಡ ಆಗಿದೆ. ಹೋದ ವರ್ಷ, ನಾವು ಗೇಟಲ್ಲಿ ಮುಷ್ಕರ ಕೂತಿದ್ವಲ್ಲ, ಆವತ್ತಿನ ಬೀಜ."

ಮುಷ್ಕರದ ದಿನ ಮಧ್ಯಾಹ್ನದ ತನಕ ಅವಳು ಧಿಕ್ಕಾರ ಕೂಗಿದ್ದಳು. ಆಮೇಲೆ ತಡೆಯಲಾರದೆ ಹಿಂದಿನ ಬೇಲಿ ಹಾರಿ, ಪೆಟ್ಟಿಗೆ ಮಗುಚಿ, ಮತ್ತೆ ಬಂದು ಕೂತಿದ್ದಳು. ಮಾಲೀಕನ ಸೊಸೆ ಬಂದಳು, ಜಾಗ ಬಿಡ್ರೋ ಅಂತ ಜೊತೆಯವರು ಛೇಡಿಸಿದ್ದರು.

ಮೇಷ್ಟ್ರು ಚೀಲದಿಂದ ನೋಟ್‌ಬುಕ್ ತೆಗೆದು ಮೂಟೆಯ ಮೇಲಿದ್ದ ತಾರೀಖು ಹುಡುಕಿದ. ಮ್ಯಾನೇಜರ್ ಮುಷ್ಕರದ ತಾರೀಖು ಹೇಳಿದ. ಆಫೀಸಿನ ಕಡತದಲ್ಲಿ ಓದಿ ಓದಿ ಅವನಿಗೆ ಅದು ಬಾಯಿಪಾಠ. ಅದಕ್ಕೆ ಪೆಟ್ಟಿಗೆಯಲ್ಲಿ ಉಳಿದ ದಿನ ಸೇರಿಸಿ, ಒಣಗಿಸಿದ ವಾರ ಕೂಡಿಸಿದರೆ ಮೂಟೆಯ ತಾರೀಖಿಗೆ ಸರಿಯಾಗಿ ಕೂತಿತು. ಹದಿಮೂರು ತಿಂಗಳು ಕಳೆದು, ಹುರಿದು, ಅರೆದು, ಸಕ್ಕರೆ ಬೆರೆಸಿದ ಮೇಲೂ ಒಂದು ಅರ್ಧ ದಿನ ಆ ಚೂರಿನಲ್ಲಿ ಉಳಿದಿತ್ತು. ಅದನ್ನು ಒಬ್ಬಳು ನಾಲಿಗೆಯಿಂದ ಓದಿದ್ದಳು. ಮೇಷ್ಟ್ರು ನೋಟ್‌ಬುಕ್ ಮುಚ್ಚಿದ. ಒಂದು ವರ್ಷದಿಂದ ಮಣ್ಣು ಮಣ್ಣು ಅಂತ ಊರಿಗೆಲ್ಲ ಬೊಗಳೆ ಬಿಟ್ಟೆನಲ್ಲಮ್ಮ ಅಂದ. ಕೋಣೆ ನಕ್ಕಿತು.

ಅವಳಿಗೆ ಹೊಗಳಿಕೆ ಬೇಕಿರಲಿಲ್ಲ. "ಪೆಟ್ಟಿಗೆ ಒಲೆಗೆ ಹಾಕಲ್ಲ, ತೊಳೆಯಲ್ಲ ಅಂತ ಬರೆದು ಕೊಡಿ ಸಾರ್. ಇವರೆಲ್ಲ ಇರುವಾಗಲೇ."

ಮ್ಯಾನೇಜರ್ ಇಪ್ಪತ್ತೆರಡು ಮುಖ ನೋಡಿದ. ಬರೆದ. ಆ ಕಾಗದ ಈಗ ಶೆಡ್ಡಿನ ಗೋಡೆಯಲ್ಲಿದೆ. ಪೆಟ್ಟಿಗೆಗಳು ಮತ್ತೆ ಕಪ್ಪಾಗುತ್ತಿವೆ.

ಆದರೆ ಗೇಟಿನ ಬಳಿ ಒಂದು ಅಭಿಪ್ರಾಯ ಪುಸ್ತಕವೂ ಇದೆ. ಮ್ಯಾನೇಜರ್ ಅದನ್ನು ಸಂಜೆ ಸಂಜೆ ಓದುತ್ತಾನೆ. ಶೆಡ್ಡಿನಲ್ಲಿ ನೊಣ, ವಾಸನೆ, ಪೆಟ್ಟಿಗೆ ಗಲೀಜು ಅಂತ ಕಳೆದ ತಿಂಗಳು ಹದಿನೇಳು ಜನ ಬರೆದಿದ್ದಾರೆ. ಚಾಕಲೇಟು ಚೀಪುತ್ತಲೇ ಬರೆದಿದ್ದಾರೆ. ಇಂಥ ಸಾಲು ಇನ್ನಷ್ಟು ಸೇರಿದರೆ ಗೋಡೆಯ ಕಾಗದ ಹರಿಯಲು ಎಷ್ಟು ಹೊತ್ತು? ನೀವೂ ಯಾವತ್ತೋ ಇಂಥ ತೋಟಕ್ಕೆ ಟಿಕೆಟ್ ಕೊಂಡು ಹೋಗುವವರೇ. ಹೋದಾಗ ಮೂಗು ಮುಚ್ಚಬೇಡಿ, ಕೈ ಒಳಗಿಡಿ. ಹೊರಡುವ ಮುಂಚೆ ಆ ಪುಸ್ತಕ ತೆರೆದು, ಎಲ್ಲರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ: ಮಗುಚುವವಳನ್ನು ಕೇಳದೆ ಈ ಪೆಟ್ಟಿಗೆ ಮುಟ್ಟಬೇಡಿ.