ಅಂಗಡಿ ಹಲಗೆಗಳ ಮನೆ

ನಾನು ಬೆಳೆದ ಮನೆಯಲ್ಲಿ ಎಷ್ಟು ಕೋಣೆಗಳಿದ್ದವು ಎಂದು ಯಾರಾದರೂ ಕೇಳಿದರೆ, ಯಾವ ತಿಂಗಳಲ್ಲಿ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ. ಮೇ ತಿಂಗಳಲ್ಲಿ ಒಂದು, ಕ್ರಿಸ್ಮಸ್ಸಿಗೆ ನೆಂಟರು ಬಂದರೆ ಮೂರು, ಅಪ್ಪನಿಗೆ ತಲೆ ಕೆಟ್ಟ ದಿನ ಎರಡೂವರೆ. ಆ ಅರ್ಧ ಕೋಣೆ ತಮಾಷೆಗೆ ಸೇರಿಸಿದ್ದಲ್ಲ. ಅದರಲ್ಲಿ ಮಲಗಿದವಳು ನಾನೇ, ತಲೆ ಒಳಗೆ, ಕಾಲು ಹೊರಗೆ.

ಕಾಪುವಿನ ಪೇಟೆಯಲ್ಲಿ ಅಪ್ಪನದು ದರ್ಜಿ ಅಂಗಡಿ. ಐವತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆಯ ಅಂಗಡಿಗಳಿಗೆ ಬಾಗಿಲು ಇರುತ್ತಿರಲಿಲ್ಲ, ಹಲಗೆಗಳಿರುತ್ತಿದ್ದವು. ಹೊಸ್ತಿಲಲ್ಲಿ ಹಲಗೆ ಕೂರುವಂತೆ ತೋಡಿದ ಒಂದು ಜಾಡು, ಮೇಲಿನ ತೊಲೆಯಲ್ಲಿ ಒಂದು ಜಾಡು. ಆಳೆತ್ತರದ ಹಲಗೆಯನ್ನು ಒಂದು ಕೊನೆಯಲ್ಲಿ ಎತ್ತಿ ಕೂರಿಸಿ ಇನ್ನೊಂದು ಕೊನೆಗೆ ಸರಿಸಬೇಕು. ಹೀಗೆ ಹತ್ತು ಹಲಗೆ ಸೇರಿದರೆ ಅಂಗಡಿ ಮುಚ್ಚಿತು. ಒಂದೊಂದಕ್ಕೂ ಡಾಮರಿನಲ್ಲಿ ನಂಬರು ಬರೆದಿರುತ್ತಿತ್ತು, ಏಕೆಂದರೆ ಮೂರನೆಯದರ ಜಾಗದಲ್ಲಿ ಏಳನೆಯದನ್ನು ಕೂರಿಸಹೋದರೆ ಅದು ಜಪ್ಪಯ್ಯ ಅಂದರೂ ಕೂರುತ್ತಿರಲಿಲ್ಲ.

ಕಟ್ಟಡದ ಧಣಿಗಳು ಆ ಸಾಲಿಗೆಲ್ಲ ಹೊಸದಾಗಿ ಕಬ್ಬಿಣದ ಸುರುಳಿ ಬಾಗಿಲು ಹಾಕಿಸಿದಾಗ ಅಪ್ಪನ ಹತ್ತು ಹಲಗೆಗಳಿಗೆ ಕೆಲಸ ಹೋಯಿತು. ಪಕ್ಕದ ಬೆಲ್ಲದ ಅಂಗಡಿಯ ಬ್ಯಾರಿ ಸಾಹುಕಾರರ ಹತ್ತಕ್ಕೂ ಹೋಯಿತು. ಅವರು ತಮ್ಮದನ್ನೂ ಅಪ್ಪನಿಗೇ ಕೊಟ್ಟುಬಿಟ್ಟರು. ಇಪ್ಪತ್ತು ಹಲಸಿನ ಹಲಗೆಗಳು ಎತ್ತಿನ ಗಾಡಿಯಲ್ಲಿ ಕಟಪಾಡಿಗೆ ಬಂದವು. ಅಲ್ಲಿ ಆಗಷ್ಟೇ ನಮ್ಮ ಹೊಸ ಮನೆಗೆ ಪಾಯ ತೋಡುತ್ತಿದ್ದರು. ಗಾಡಿಯಿಂದ ಇಳಿದ ಹಲಗೆಗಳನ್ನು ಅಪ್ಪ ನೋಡಿದ ರೀತಿಗೇ ಅಮ್ಮನಿಗೆ ಎದೆ ಧಸಕ್ಕೆಂದಿತಂತೆ.

ದರ್ಜಿಯಾದ ಅಪ್ಪನಿಗೆ ಒಂದೇ ಒಂದು ತತ್ವ. ಮಕ್ಕಳ ಬಟ್ಟೆ ಹೊಲಿಯುವಾಗ ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕು. ಮಗು ಬೆಳೆದಾಗ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು. ಮನೆಗೂ ಅದೇ ನ್ಯಾಯ ಎಂದು ಅವರು ತೀರ್ಮಾನಿಸಿದರು. "ಗೋಡೆ ಕಟ್ಟಿದ್ರೆ ಮುಗೀತು, ಅದು ಮತ್ತೆ ಬಿಚ್ಲಿಕ್ಕೆ ಬರುದಿಲ್ಲ. ನಾಳೆ ಮಕ್ಕಳ ಮದುವೆ ಉಂಟು, ನೆಂಟರು ಉಂಟು. ಮನೆ ಬೇಕಾದ ಹಾಗೆ ಹಿಗ್ಗಬೇಕು, ಕುಗ್ಗಬೇಕು" ಎಂದು ಮೇಸ್ತ್ರಿಗೆ ಹೇಳಿದರು. ನಮ್ಮ ಮನೆಮಾತು ಕೊಂಕಣಿ. ಇಲ್ಲಿ ನನ್ನ ಅನುಕೂಲಕ್ಕಾಗಿ ಎಲ್ಲರೂ ಕನ್ನಡ ಮಾತನಾಡುತ್ತಾರೆ. ಮೇಸ್ತ್ರಿ ಮಾತ್ರ ಯಾವ ಭಾಷೆಯಲ್ಲೂ ಏನೂ ಹೇಳದೆ ತಲೆ ಕೆರೆದುಕೊಂಡನು.

ಹೀಗೆ ಹಿಂದೊಂದು ಅಡುಗೆಮನೆ, ಮುಂದೊಂದು ಜಗಲಿ, ನಡುವೆ ಉದ್ದಕ್ಕೆ ಒಂದೇ ಹಾಲ್ ಇರುವ ಮನೆ ಎದ್ದಿತು. ಹಾಲಿನ ಅಗಲ ಅಂಗಡಿಯ ಅಗಲಕ್ಕೆ ಸರಿಯಾಗಿ ಹತ್ತು ಹಲಗೆ. ನೆಲದಲ್ಲಿ ಎರಡು ಕಡೆ ಅಡ್ಡ ಜಾಡು, ಅವುಗಳ ನೇರಕ್ಕೆ ಮೇಲೆ ಎರಡು ತೊಲೆ. ಒಂದು ಸಾಲು ಹಲಗೆ ಹಾಕಿದರೆ ಎರಡು ಕೋಣೆ, ಎರಡು ಸಾಲು ಹಾಕಿದರೆ ಮೂರು. ಅಪ್ಪ ಒಂದು, ಎರಡು ಎಂದು ಕೂಗುತ್ತಾ ಹಲಗೆ ಸರಿಸಿದರೆ ಹತ್ತು ನಿಮಿಷದಲ್ಲಿ ಮನೆಯ ಆಕಾರವೇ ಬದಲು. ಊರವರು ನೋಡಲು ಬರುತ್ತಿದ್ದರು. ಬ್ಯಾರಿ ಸಾಹುಕಾರರ ಹಲಗೆಗಳಿಂದ ಇರುವೆಗಳೂ ಬರುತ್ತಿದ್ದವು, ವರ್ಷಗಟ್ಟಲೆ ಬೆಲ್ಲ ಹೀರಿದ ಮರ ಅದು.

ಹೊಗಳುವುದನ್ನೆಲ್ಲ ಹೊಗಳಿಯಾಯಿತು, ಈಗ ದೂರು ಹೇಳುತ್ತೇನೆ. ಅಪ್ಪ ಜೀವಮಾನವೆಲ್ಲ ಹಲಗೆ ಹಾಕಿದ್ದು ರಸ್ತೆಯ ಕಡೆಯಿಂದ. ಮನೆಯಲ್ಲೂ ಹಾಗೆಯೇ ಮಾಡಿಸಿದರು. ಅಡ್ಡ ಸರಳು, ಚಿಲಕ ಎಲ್ಲವೂ ಕೋಣೆಯ ಹೊರಗೆ! ಒಳಗೆ ಮಲಗಿದವರು ಬಾಗಿಲಿನಂತಿದ್ದ ಕೊನೆಯ ಹಲಗೆ ಹಾಕಿಕೊಳ್ಳಬೇಕಾದರೆ ಹೊರಗಿನವರನ್ನು ಕೂಗಬೇಕು. ಒಂದು ಭಾನುವಾರ ಬೆಳಿಗ್ಗೆ, ನೆಂಟರಾಗಿ ಬಂದಿದ್ದ ನಮ್ಮ ದೊಡ್ಡಮ್ಮನನ್ನು ಒಳಗಿಟ್ಟು ಎಲ್ಲರೂ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗಿಬಿಟ್ಟಿದ್ದೆವು. ಅವರು ನಮಗಿಂತ ಹೆಚ್ಚು ಪ್ರಾರ್ಥನೆ ಮಾಡಿರಬೇಕು, ಆದರೆ ನಮ್ಮ ಒಳಿತಿಗಾಗಿ ಅಲ್ಲ.

ಎರಡನೆಯ ದೂರು ಇನ್ನೂ ದೊಡ್ಡದು. ಮಳೆ ಹಿಡಿದರೆ ಹಲಸಿನ ಹಲಗೆ ಉಬ್ಬುತ್ತದೆ. ಜೂನಿನಲ್ಲಿ ಮನೆ ಯಾವ ಆಕಾರದಲ್ಲಿರುತ್ತದೋ ದೀಪಾವಳಿಯವರೆಗೂ ಅದೇ ಆಕಾರ, ಅಲುಗಾಡಿಸುವಂತಿಲ್ಲ. ಆದ್ದರಿಂದ ಮೇ ತಿಂಗಳ ನಡುವಿನಲ್ಲೇ ಆ ಮಳೆಗಾಲದ ಆಕಾರ ನಿರ್ಧಾರವಾಗಬೇಕಿತ್ತು. ನಿರ್ಧರಿಸುವವರು ಅಪ್ಪ. ಅಮ್ಮನನ್ನಾಗಲಿ, ಅಕ್ಕನನ್ನಾಗಲಿ, ನನ್ನನ್ನಾಗಲಿ ಅವರು ಒಂದು ವರ್ಷವೂ ಕೇಳಿದ್ದಿಲ್ಲ. ಒಮ್ಮೆಯಂತೂ ಅಡುಗೆಮನೆಯ ದಾರಿ ಎಷ್ಟು ಇಕ್ಕಟ್ಟಾಯಿತೆಂದರೆ ಅಮ್ಮ ನಾಲ್ಕು ತಿಂಗಳು ಗಂಜಿಯ ಪಾತ್ರೆ ಹಿಡಿದು ಅಡ್ಡಡ್ಡ ನಡೆದರು. ಆಗಲೂ ಅವರು ಅಂದದ್ದು ಇಷ್ಟೇ, "ಹಿಗ್ಗುವ ಮನೆ ಅಲ್ವಾ, ನಾನು ಕುಗ್ಗಿದ್ರೆ ಆಯ್ತು."

ಅಕ್ಕನನ್ನು ಕಾರ್ಕಳಕ್ಕೆ ಮದುವೆ ಮಾಡಿಕೊಟ್ಟರು. ಅವಳ ಅತ್ತೆಯದು ಕಲ್ಲುಗೋಡೆಯ ಮನೆ, ಕಲ್ಲಿನಂಥದೇ ಮಾತು. ಮರುವರ್ಷ ಅಕ್ಕ ಬಸುರಿಯಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಾಗ ಅತ್ತೆ ತಾವೇ ಕರೆತಂದರು. ಆಗ ಮೇ ತಿಂಗಳ ಮೊದಲ ವಾರ. ಹಾಲ್ ಪೂರ್ತಿ ಖಾಲಿ, ಹಲಗೆಗಳೆಲ್ಲ ಜಗಲಿಯಲ್ಲಿ ಗೋಡೆಗೆ ಒರಗಿದ್ದವು. ಅತ್ತೆ ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದರು.

"ಇಲ್ಲಿ ಇವಳು ಹೆರುವುದು ಎಲ್ಲಿ ಮಾರಾಯ್ರೇ?"

"ಕೋಣೆಯಲ್ಲಿ" ಎಂದರು ಅಪ್ಪ.

"ಕೋಣೆ ಎಲ್ಲುಂಟು?"

"ಜಗಲಿಯಲ್ಲಿ ಉಂಟು. ಹತ್ತು ನಿಮಿಷದ ಕೆಲಸ."

ಅತ್ತೆ ನಗಲಿಲ್ಲ. "ನಾನು ಜೂನಿನಲ್ಲಿ ಇನ್ನೊಮ್ಮೆ ಬರ್ತೇನೆ. ಮುಚ್ಚಿದ ಕೋಣೆ ಇದ್ರೆ ಸರಿ. ಇಲ್ಲದಿದ್ರೆ ಇವಳನ್ನು ವಾಪಸು ಕರ್ಕೊಂಡು ಹೋಗ್ತೇನೆ. ಬಾಣಂತನ ನಮ್ಮಲ್ಲೇ ಆಗ್ಲಿ" ಎಂದು ಹೇಳಿ ಬಸ್ಸು ಹತ್ತಿದರು.

ಅಕ್ಕನಿಗೆ ಅಮ್ಮನ ಹತ್ತಿರವೇ ಹೆರಬೇಕಿತ್ತು. ಅವಳಿಗೆ ಹೆದರಿಕೆ, ಅತ್ತೆಯ ಎದುರು ನರಳಲಿಕ್ಕೂ ಅವಳಿಗೆ ನಾಚಿಕೆ. ಮೊದಲ ದಿನವೇ ನನ್ನ ಕೈ ಹಿಡಿದು, "ನನ್ನನ್ನು ಕಳಿಸ್ಬೇಡಿ ಅಂತ ಅಪ್ಪನಿಗೆ ಹೇಳು" ಎಂದಳು. ನನಗೆ ಆಗ ಹದಿಮೂರು ವರ್ಷ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೇಳಿದೆ. ಅಪ್ಪ ಕತ್ತರಿಯಿಂದ ಕಣ್ಣೆತ್ತದೆ "ಆಗ್ತದೆ" ಎಂದರು.

ಆಗಲಿಲ್ಲ. ಜೂನಿನಲ್ಲಿ ಶಾಲೆ ಸುರುವಾಗುವ ಮೊದಲು ಕಾನ್ವೆಂಟಿನ ಮಕ್ಕಳ ಸಮವಸ್ತ್ರಗಳನ್ನೆಲ್ಲ ಹೊಲಿದು ಮುಗಿಸಬೇಕಿತ್ತು. ಅಂಗಡಿಯಲ್ಲಿ ಜಾಗ ಸಾಲದೆ ಅಪ್ಪ ಹಾಲಿನ ಉದ್ದಕ್ಕೂ ನೀಲಿ ಬಟ್ಟೆ ಹಾಸಿ ಕತ್ತರಿಸುತ್ತಿದ್ದರು. ಅಮ್ಮ ದಿನಾ ಕೇಳುತ್ತಿದ್ದರು, ಅಪ್ಪ ದಿನಾ "ಹತ್ತು ನಿಮಿಷದ ಕೆಲಸ, ನಾಳೆ" ಎನ್ನುತ್ತಿದ್ದರು. ಆ ವರ್ಷ ಮಳೆ ನಾಳೆಯವರೆಗೆ ಕಾಯಲಿಲ್ಲ. ಮೇ ಮುಗಿಯುವ ಮೊದಲೇ ಗಾಳಿಯೊಂದಿಗೆ ಬಂದು ಮೂರು ದಿನ ಬಿಡದೆ ಸುರಿಯಿತು. ಜಗಲಿಯಲ್ಲಿದ್ದ ಇಪ್ಪತ್ತು ಹಲಗೆಗಳೂ ಎರಚಲಿಗೆ ಚೆನ್ನಾಗಿ ನೆನೆದವು.

ನಾಲ್ಕನೆಯ ದಿನ ಅಪ್ಪ ಒಂದನೆಯ ಹಲಗೆಯನ್ನು ಜಾಡಿಗೆ ಹಿಡಿದರು. ಅದು ಒಳಗೆ ಹೋಗಲೊಲ್ಲದು. ಮೇಣದ ಬತ್ತಿ ಉಜ್ಜಿದರು, ತೆಂಗಿನೆಣ್ಣೆ ಹಚ್ಚಿದರು, ಒನಕೆಯಿಂದ ಗುದ್ದಿದರು. ಒಲೆಯ ಹತ್ತಿರ ಒಣಗಿಸಲು ಇಟ್ಟದ್ದು ಬ್ಯಾರಿ ಸಾಹುಕಾರರ ನಾಲ್ಕನೆಯ ನಂಬರು. ಮನೆಯೆಲ್ಲ ಬೆಲ್ಲದ ಪಾಕದ ಪರಿಮಳ ಬಂತೇ ಹೊರತು ಹಲಗೆ ಒಂದು ಎಳೆಯಷ್ಟೂ ತೆಳ್ಳಗಾಗಲಿಲ್ಲ. ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲವೆಂದು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಹಾಲಿನ ಮೂಲೆಯಲ್ಲಿ ಹಗ್ಗ ಕಟ್ಟಿ ಅಮ್ಮನ ಸೀರೆ ಇಳಿಬಿಟ್ಟೆವು. ತುಂಬಿದ ಬಸುರಿ ಅದರ ಹಿಂದೆ ಎರಡು ವಾರ ಇದ್ದಳು. ಮಕ್ಕಳ ಅಳತೆ ಕೊಡಲು ಬಂದ ತಂದೆಯಂದಿರು ಸೀರೆಯ ಈಚೆ ನಿಂತು ಕೆಮ್ಮುತ್ತಿದ್ದರು. ಗಾಳಿಗೆ ಸೀರೆ ಹಾರಿದರೆ ಅಕ್ಕ ಅರ್ಧ ಹೊಲಿದ ಲಂಗವನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಹತ್ತಿರ, "ನಾನು ಗುಂಡಿ ಹೊಲಿಸಲಿಕ್ಕೆ ಬಂದವರ ಎದುರೇ ಹೆರಬೇಕಾ?" ಎಂದು ಕೇಳಿ ಅತ್ತಳು. ಕಾರ್ಕಳದಿಂದ ಕಾಗದವೂ ಬಂದಿತ್ತು, ಅತ್ತೆ ಸೋಮವಾರ ಬರುತ್ತಾರೆ.

ನನಗೆ ತಡೆಯಲಾಗಲಿಲ್ಲ. ಸೀದಾ ಹೋಗಿ ಅಪ್ಪನ ಮುಂದಿದ್ದ ಬಟ್ಟೆಯ ಮೇಲೆ ಕೂತೆ. "ಹಲಗೆಗೆ ಉಳಿ ಹಾಕಿಸಿ, ಕೆತ್ತಿಸಿ, ಎಂತ ಬೇಕಾದ್ರೂ ಮಾಡಿ. ಅಕ್ಕನಿಗೆ ಕೋಣೆ ಬೇಕು" ಎಂದೆ.

"ಈಗ ಕೆತ್ತಿದ್ರೆ ಬೇಸಿಗೆಯಲ್ಲಿ ಸಡಿಲ ಆಗ್ತದೆ ಮಗಾ" ಎಂದರು ಅಪ್ಪ. "ಕತ್ತರಿಸಿದ್ದು ಮತ್ತೆ ಸೇರುದಿಲ್ಲ. ಒಳಗೆ ಬಟ್ಟೆ ಬಿಡಬೇಕು ಅಂತ..."

ಅಡುಗೆಮನೆಯಿಂದ ಅಮ್ಮ ಬಂದರು. ಅವರು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿದ್ದು ಆಗಲೇ ಮೊದಲು. "ನಿಮ್ಮ ಮನೆ ಎಲ್ಲರಿಗೂ ಹಿಗ್ಗಿತು. ನೆಂಟರಿಗೆ ಹಿಗ್ಗಿತು, ಗಿರಾಕಿಗಳಿಗೆ ಹಿಗ್ಗಿತು. ನನ್ನ ಮಗಳಿಗೆ ಒಂದು ಮೂಲೆ ಇಲ್ವಾ ಇದರಲ್ಲಿ?"

ಅಪ್ಪ ಕತ್ತರಿ ಕೆಳಗಿಟ್ಟರು. ಆ ಸಂಜೆ ಬಡಗಿಯ ಮನೆಗೆ ಹೋಗಿ ಕೀಸುಳಿ ತಂದರು. ಬಡಗಿ ಎಲ್ಲೂರಿನ ಕಡೆ ಕೆಲಸಕ್ಕೆ ಹೋಗಿದ್ದರಿಂದ ತಾವೇ ಕೀಸಲು ಕೂತರು. ಬಟ್ಟೆ ಕತ್ತರಿಸುವ ಕೈ, ಮರದ ಅಭ್ಯಾಸವಿಲ್ಲ. ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ತಾವೇ ಬರೆದ ನಂಬರುಗಳ ಅಂಚು ಹಾರಿಹೋಗುವಾಗ ಅವರ ಮುಖ ನೋಡುವಂತಿರಲಿಲ್ಲ. ಸೋಮವಾರ ಬೆಳಿಗ್ಗೆ ಎಂಟು ಹಲಗೆಗಳು ಜಾಡಿಗೆ ಇಳಿದಿದ್ದವು. ಒಂಬತ್ತು ಮತ್ತು ಹತ್ತು ಬಾಕಿ ಇದ್ದಾಗಲೇ ಅಕ್ಕನಿಗೆ ನೋವು ಸುರುವಾಯಿತು.

ನಾನು ಓಡಿ ಸೂಲಗಿತ್ತಿಯನ್ನು ಕರೆತಂದೆ. ಅವಳು ಎಂಟು ಹಲಗೆಗಳನ್ನು ನೋಡಿದಳು, ಎರಡು ಹಲಗೆಯಷ್ಟು ಬಾಯಿ ಬಿಟ್ಟಿದ್ದ ಸಂದನ್ನು ನೋಡಿದಳು. ಹೊರಗೆ ಜಗಲಿಯಲ್ಲಿ ಸಮವಸ್ತ್ರ ಒಯ್ಯಲು ಬಂದ ನಾಲ್ಕು ಮಂದಿ ಕೂತಿದ್ದರು. "ಇದನ್ನು ಮುಚ್ಚಿ. ಗಾಳಿಯೂ ಬರಬಾರದು, ಕಣ್ಣೂ ಬರಬಾರದು" ಎಂದು ಹೇಳಿ ಅಮ್ಮನೊಡನೆ ಒಳಗೆ ಹೋದಳು.

ಕೀಸಲು ಸಮಯವೆಲ್ಲಿ? ಅಪ್ಪ ಒಂಬತ್ತನ್ನೂ ಹತ್ತನ್ನೂ ಎತ್ತಿ ಸಂದಿಗೆ ಹೊರಗಿನಿಂದ ಆನಿಸಿದರು. ಬೆನ್ನನ್ನು ಹಲಗೆಗಳಿಗೆ ಕೊಟ್ಟು, ಕೈಗಳನ್ನು ಹಿಂದಕ್ಕೆ ಚಾಚಿ ಒಂದೊಂದರ ಅಂಚು ಹಿಡಿದು, ಮುಖ ಹಾಲಿನ ಕಡೆ ಮಾಡಿ ನಿಂತರು. ಒಳಗಿನಿಂದ ತಟ್ಟಿದಾಗ ಕಣ್ಣು ಮುಚ್ಚಿಕೊಂಡು ಹತ್ತನೆಯದನ್ನು ಒಂದಿಷ್ಟು ಸರಿಸುತ್ತಿದ್ದರು. ನಾನು ಬಿಸಿನೀರು ಒಳಗೆ ಕೊಡುತ್ತಿದ್ದೆ. ಮತ್ತೆ ಮುಚ್ಚುತ್ತಿದ್ದರು. ಗಿರಾಕಿಗಳಿಗೆ ಅಲ್ಲಿಂದಲೇ, "ನಾಳೆ ಬನ್ನಿ, ಇವತ್ತು ನಾನು ಬಾಗಿಲು" ಎಂದರು. ಅವರು ಛತ್ರಿ ಬಿಚ್ಚಿ ಮಳೆಯಲ್ಲಿ ಹೊರಟುಹೋದರು.

ಹನ್ನೊಂದರ ಬಸ್ಸಿಗೆ ಕಾರ್ಕಳದ ಅತ್ತೆ ಬಂದರು. ಕೈಯಲ್ಲಿ ಅಕ್ಕನನ್ನು ಕರೆದೊಯ್ಯಲು ತಂದ ಕಂಬಳಿ.

"ಎಂತ ಇದು, ಮನೆಯಾ ಅಂಗಡಿಯಾ?"

"ಕೈ ಮುಗೀಲಿಕ್ಕೆ ಆಗುದಿಲ್ಲ, ಕ್ಷಮಿಸ್ಬೇಕು. ಒಳಗೆ ಹೆರಿಗೆ ಆಗ್ತಾ ಉಂಟು" ಎಂದರು ಅಪ್ಪ.

ಅಷ್ಟರಲ್ಲಿ ಅಕ್ಕ ಚೀರಿದಳು. ಅಪ್ಪ ಬೊಬ್ಬೆ ಎದ್ದ ಕೈಗಳಿಂದ ಅಂಚುಗಳನ್ನು ಇನ್ನೂ ಬಿಗಿಯಾಗಿ ಹಿಡಿದರು, ಹಲಗೆ ಅಲುಗಲಿಲ್ಲ. ಅತ್ತೆ ಅದನ್ನು ನೋಡಿದರು. ಕಂಬಳಿ ಮಡಿಸಿ ಅಪ್ಪನ ಬೆನ್ನಿಗೂ ಮರಕ್ಕೂ ನಡುವೆ ತುರುಕಿದರು, ಸ್ಟೂಲು ಎಳೆದುಕೊಂಡು ಎದುರಿಗೆ ಕೂತು ಜಪಸರ ತೆಗೆದರು. ನಾನು ಅಪ್ಪನಿಗೆ ಗಂಜಿ ಕುಡಿಸಿದೆ. ಬೆವರು ಅವರ ಕಣ್ಣಿಗೆ ಇಳಿಯುತ್ತಿತ್ತು, ಸೆರಗಿಲ್ಲದ ನಾನು ನೀಲಿ ಲಂಗದ ತುಂಡಿನಿಂದ ಒರೆಸಿದೆ. ಎರಡು ವಾರದಿಂದ ಅವರ ಮೇಲೆ ಕಟ್ಟಿಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನನಗೆ ಅಪ್ಪನ ಮೇಲೆ ತುಂಬಾ ಪ್ರೀತಿ ಬಂತು.

ಮೂರು ಗಂಟೆಯ ಹೊತ್ತಿಗೆ ಮಗು ಅತ್ತಿತು. ಸೂಲಗಿತ್ತಿ ಒಳಗಿನಿಂದ ಕೂಗಿದಳು: "ಹಲಗೆ ಬಿಡಿ ಮಾರಾಯ್ರೇ, ಮೊಮ್ಮಗಳು ಬಂದಾಯ್ತು. ತಾಯಿಯೂ ಚೆನ್ನಾಗಿದ್ದಾಳೆ."

ಅಪ್ಪ ಬಿಡಲಿಲ್ಲ, ಬಿಡಲು ಆಗುತ್ತಿರಲಿಲ್ಲ, ಕೈ ಮರಗಟ್ಟಿಹೋಗಿತ್ತು. ಅತ್ತೆ ಒಂದು ಕೈ, ನಾನು ಒಂದು ಕೈ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆವು. ಹಲಗೆಗಳನ್ನು ಗೋಡೆಗೆ ಒರಗಿಸಿದ ಮೇಲೆ ಅಪ್ಪ ಸಂದಿಗೆ ಬೆನ್ನು ಹಾಕಿಯೇ ನಿಂತು ಒಳಗಿದ್ದ ಅಕ್ಕನನ್ನು ಕೇಳಿದರು, "ಮಗಾ, ನಿನ್ನ ಕೋಣೆಗೆ ಸರಿಯಾದ ಬಾಗಿಲು ಇಡ್ತೇನೆ. ಯಾವ ಬದಿಗೆ ಬೇಕು?"



"ಅಡುಗೆಮನೆಯ ಬದಿಗೆ ಇರ್ಲಿ" ಎಂದಳು ಅಕ್ಕ, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ. "ಚಿಲಕ ಒಳಗಿನಿಂದ."

ಆಮೇಲೆ ಅಮ್ಮ ಸಂದಿನಲ್ಲಿ ಕಾಣಿಸಿಕೊಂಡರು. ಸೀರೆ ಒದ್ದೆ, ಕೂದಲು ಕೆದರಿತ್ತು, ತೋಳಿನಲ್ಲಿ ಬಟ್ಟೆ ಸುತ್ತಿದ ಮಗು. ಅಪ್ಪನ ಬೆನ್ನನ್ನೇ ನೋಡುತ್ತಾ, "ಅವಳದ್ದು ಆದ ಮೇಲೆ ನನ್ನದೂ ಕೇಳಿ" ಎಂದರು.

ಅಪ್ಪ ತಿರುಗಿದರು. ಕತ್ತಿನಲ್ಲಿದ್ದ ಅಳತೆಯ ಟೇಪನ್ನು ತೆಗೆಯಲು ಬೆರಳುಗಳು ಒಪ್ಪಲಿಲ್ಲ, ನಾನೇ ತೆಗೆದು ಕೊಟ್ಟೆ. ದೊಡ್ಡ ಗಿರಾಕಿಯ ಎದುರು ನಿಂತವರಂತೆ ಅವರು ಅಮ್ಮನ ಮುಂದೆ ನಿಂತು ಹೇಳಿದರು, "ಹೇಳು. ನಿನ್ನದು ಎಷ್ಟು ಅಗಲ ಬೇಕು?"