ವಾರ್ನಿಷ್ ಬಳಿದ ಬಾಣ

ನಾನು ಬಿಲ್ಲಿಗೆ ಹೂಡಿದ್ದ ಬಾಣವನ್ನು, ಶಾಲೆಗೆ ಸೌದೆ ತಂದಿದ್ದ ಮುದುಕ ಕಿತ್ತುಕೊಂಡು ಎರಡೂ ಕೈಯಲ್ಲಿ ಬಾಗಿಸಿದ. ಲಟಕ್ಕನೆ ಮುರಿಯಿತು. ಯಳಂದೂರಿನ ನಮ್ಮ ಶಾಲೆಯ ಮೈದಾನವೆಲ್ಲ ಗೊಳ್ಳೆಂದಿತು. ಅರವತ್ತರ ದಶಕದ ಮಾತು. ಡ್ರಿಲ್ ಮೇಷ್ಟ್ರಾದ ನಾನು ಕೊಳ್ಳೇಗಾಲದಲ್ಲಿ ತೇಗದ ಹಲಗೆ ಕೊಯ್ಯಿಸಿ, ವಾರ್ನಿಷ್ ಬಳಿಸಿ ತಂದಿದ್ದ ಬಾಣ ಅದು!

"ಗರಗಸ ಮರದ ಎಳೆನೇ ಅಡ್ಡ ಕುಯ್ದಾಕ್ತದೆ, ಸಾ. ಎಳೆ ಇಡ್ಕಂಡು ಕತ್ತೀಲಿ ಸೀಳ್ಬೇಕು. ಇದ ಬುಟ್ಟಿದ್ರೆ ಮುರ್ದು ನಿಮ್ಮ ಅಂಗೈಗೇ ನಾಟ್ತಿತ್ತು," ಎಂದ.

"ನನಗೇ ಪಾಠ ಹೇಳ್ತೀಯೇನಯ್ಯಾ?" ಎಂದು ಗದರಿ, ಅವನೆದುರೇ ಇನ್ನೊಂದು ಬಾಣ ಬಾಗಿಸಿದೆ. ಅದೂ ಮುರಿಯಿತು.

ಉಳಿದವನ್ನು ಮನೆಯ ಒಲೆಗೆ ತುರುಕಿದೆ. ವಾರ್ನಿಷ್ ಹೊಗೆಗೆ ಕಣ್ಣುರಿಯಿತು, ಅಷ್ಟೇ. ಅಂಗೈ ಮಾತ್ರ ಇಂದಿಗೂ ನೆಟ್ಟಗಿದೆ. ಅವತ್ತು ಆ ಮುದುಕ ಉಳಿಸಿಕೊಟ್ಟ ಈ ಕೈ, ಅವನಿಗೊಂದು ನಮಸ್ಕಾರವನ್ನೂ ಮಾಡಲಿಲ್ಲ.