ಹಗೇವಿಗೆ ಇಳಿಸಿದ ದೀಪ

ಆ ಭಾನುವಾರ ನಡೆದದ್ದನ್ನು ನಾನು ಇನ್ನೂ ಮರೆತಿಲ್ಲ. ಊರಿನ ಹಳೆಯದನ್ನೆಲ್ಲ ಉಳಿಸುತ್ತೇವೆಂದು ಹೊರಟವರು ನಾವು, ಕಾಮಸಮುದ್ರದ ಹತ್ತಿರದ ನಮ್ಮೂರಿನ ಹತ್ತಾರು ಮಂದಿ. ಬೀಸುವ ಕಲ್ಲು, ಕೂರಿಗೆ, ಸೇರು, ಬಳ್ಳ ಎಲ್ಲವನ್ನೂ ಬೇಡಿ ತಂದು ಹಾಲಿನ ಡೇರಿಯ ಹಿಂದಿನ ಕೋಣೆಯಲ್ಲಿ ಜೋಡಿಸಿದ್ದೆವು. ಉಳಿದದ್ದು ನಮ್ಮ ತಾತನ ಮನೆ ಮುಂದಿನ ಹಗೇವು. ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು. ಒಬ್ಬ ಮನುಷ್ಯ ನುಸುಳುವಷ್ಟು ಬಾಯಿ, ಒಳಗೆ ಎರಡಾಳು ಆಳ. ನಾನು ಹುಟ್ಟುವ ಮೊದಲೇ ಅದಕ್ಕೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ದರು.

ಅದನ್ನು ಹಿಂದಿನವರ ಕ್ರಮದಲ್ಲೇ ತೆಗೆದು ವಿಡಿಯೊ ಮಾಡಬೇಕೆಂಬುದು ನಮ್ಮ ಹಟ. ಹಗೇವು ತೆಗೆದಾಗ ಮೊದಲು ದೀಪ ಇಳಿಸಬೇಕು ಎಂದು ಅಜ್ಜಿ ಹೇಳುತ್ತಿದ್ದದ್ದು ನನಗೆ ನೆನಪಿತ್ತು. ರಾಗಿಯೆಂದರೆ ಲಕ್ಷ್ಮಿ, ಅದಕ್ಕೇ ದೀಪ ಎಂದು ನಮ್ಮ ಗುಂಪಿನ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಮೊಬೈಲಿನ ಮುಂದೆ ನಿಂತು ವಿವರಿಸಿದರು. ನಾವೆಲ್ಲ ಹೌದೌದೆಂದು ತಲೆಯಾಡಿಸಿದೆವು.

ಒಳಗೆ ಇಳಿಯಲು ಮುಂದೆ ಬಂದವನು ನನ್ನ ಸೋದರಮಾವ. ನಂದಿದುರ್ಗದ ಚಿನ್ನದ ಗಣಿಯಲ್ಲಿ ದುಡಿದು, ಗಣಿ ಮುಚ್ಚಿದ ಮೇಲೆ ಅಕ್ಕನ ಊರು ಸೇರಿದವನು. ಗಣಿಯ ಕಾಲದ ತಲೆದೀಪಕ್ಕೆ ಹೊಸ ಬ್ಯಾಟರಿ, ಬಲ್ಬು ಹಾಕಿಸಿ ಮನೆದೇವರಂತೆ ಕಾಪಾಡಿಕೊಂಡಿದ್ದ. ಎಣ್ಣೆದೀಪ ಆರಿದರೆ ಅಪಶಕುನ, ವಿಡಿಯೊ ಕೂಡ ಕೆಡುತ್ತದೆ, ಇದನ್ನೇ ಇಳಿಸೋಣ ಎಂದ. ಗಣಿಯೂ ಬಂತು, ರಾಗಿಯೂ ಬಂತು ಎಂದು ಮೇಷ್ಟ್ರು ಹಿಗ್ಗಿಹೋದರು. ಮಣ್ಣು ಕೆತ್ತಿ ಚಪ್ಪಡಿ ಸರಿಸಿದೆವು. ತಲೆದೀಪಕ್ಕೆ ಕನಕಾಂಬರ ಸುತ್ತಿ, ಕುಂಕುಮವಿಟ್ಟು, ಹಗ್ಗಕ್ಕೆ ಕಟ್ಟಿ ಇಳಿಸಿದೆವು. ತಳದಲ್ಲಿ ಕಪ್ಪಾಗಿ ಕೊಳೆತಿದ್ದ ರಾಗಿ ಹೊಟ್ಟು ಕೂಡ ನಿಚ್ಚಳವಾಗಿ ಕಂಡಿತು. ಚಪ್ಪಾಳೆ ಹೊಡೆದೆವು.

ದೀಪವನ್ನು ಮೇಲೆಳೆದು ಮಾವ ತಲೆಗೆ ಕಟ್ಟಿಕೊಂಡ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತುದಿಯನ್ನು ಹುಣಸೆಮರಕ್ಕೆ ಸುತ್ತಿಸಿದ. ಎರಡಾಳು ಗುಂಡಿಗೆ ಇಷ್ಟೆಲ್ಲ ವೇಷವೇ ಎಂದು ನಾನು ರೇಗಿಸಿದೆ.

“ಮೈಲಿ ಆಳಕ್ಕೆ ಓಗ್ಬಂದೋನು ಕಣಮ್ಮಾ ನಾನು. ಹಗ್ಗ ಅಭ್ಯಾಸ, ಅಷ್ಟೇ,” ಎಂದು ನಗುತ್ತಲೇ ಇಳಿದ.

ಗೋಡೆ ಇನ್ನೂ ಗಟ್ಟಿಯಾಗಿದೆ ಎಂದು ಒಳಗಿನಿಂದ ಹೇಳಿದ. ಮತ್ತೇನೋ ಹೇಳಹೊರಟವನು ಅರ್ಧಕ್ಕೇ ನಿಂತ. ಸ್ವಲ್ಪ ಜೋರಾಗಿ ಹೇಳಪ್ಪಾ, ಕೇಳಿಸುತ್ತಿಲ್ಲ ಎಂದರು ಮೇಷ್ಟ್ರು. ನಾನು ಬಗ್ಗಿ ನೋಡಿದೆ. ಮಾವ ಗೋಡೆಗೊರಗಿ ಕುಸಿದಿದ್ದ. ಬಾಯಿ ತೆರೆದಿತ್ತು.

ಕಣ್ಣಿಗೆ ಕಾಣುತ್ತಿದ್ದದ್ದು ತಲೆಗೆ ಹತ್ತಲೇ ಇಲ್ಲ. ಹಗ್ಗ ಎಳೆಯಲು ಯಾರು ಶುರು ಮಾಡಿದರೋ ಗೊತ್ತಿಲ್ಲ, ನನ್ನ ಕೈಯೂ ಅದರಲ್ಲಿತ್ತು. ಕಿರಿದಾದ ಬಾಯಿಗೆ ತಗುಲಿ ತಲೆದೀಪ ಕಳಚಿ ಕೆಳಗೆ ಬಿತ್ತು. ಮೇಲೆ ಬಂದ ಮಾವನ ತುಟಿ ನೇರಳೆಹಣ್ಣಿನ ಬಣ್ಣವಾಗಿತ್ತು. ಬಯಲಲ್ಲಿ ಮಲಗಿಸಿದಾಗ ಒಂದು ಉಸಿರು ಬಂತು. ಇನ್ನೊಂದು ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಹಾಲಿನ ಟೆಂಪೊದಲ್ಲೇ ಬಂಗಾರಪೇಟೆಯ ಆಸ್ಪತ್ರೆಗೆ ಸಾಗಿಸಿದೆವು.

ಬದುಕಿಕೊಂಡ. ಮುಚ್ಚಿಟ್ಟ ಗುಂಡಿಯಲ್ಲಿ ಕೆಟ್ಟ ಗಾಳಿ ತಳ ಹಿಡಿದು ನಿಂತಿರುತ್ತದೆ, ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು, ಅಲ್ಲಿ ಬೆಂಕಿಯೂ ಉರಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಮಾತು ಬಂದ ಮೇಲೆ ಮಾವ ನನ್ನ ಕಡೆ ತಿರುಗಿದ.

“ದೀಪ ಉರೀತಾನೇ ಇತ್ತಲ್ಲಮ್ಮಾ, ಮತ್ಯಾಕಿಂಗಾಯ್ತು?”

ಅಜ್ಜಿಯ ಮಾತು ಆಗ ನನಗೆ ಅರ್ಥವಾಯಿತು. ಸಂಜೆ ಊರಿಗೆ ಬಂದವಳು ನೇರ ಹಗೇವಿನ ಹತ್ತಿರ ಹೋದೆ. ಅಜ್ಜಿಯ ಹಿತ್ತಾಳೆ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಹಚ್ಚಿ, ಹಗ್ಗದಲ್ಲಿ ಇಳಿಬಿಟ್ಟೆ. ಹುಣಸೆಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ದೀಪ ಆರಿತು. ಎಳೆದು, ಹಚ್ಚಿ, ಮತ್ತೆ ಇಳಿಸಿದೆ. ಅಲ್ಲೇ ಆರಿತು. ಅದರ ಕೆಳಗೆ, ಕೊಳೆತ ಹೊಟ್ಟಿನ ಮೇಲೆ, ನಾವು ಸುತ್ತಿದ್ದ ಕನಕಾಂಬರದ ಸಮೇತ ಮಾವನ ತಲೆದೀಪ ಝಗಝಗ ಬೆಳಗುತ್ತಿತ್ತು.